ವಿದೇಶದ ಅತಿಥಿಗಳು ಹುಬ್ಬಳ್ಳಿಗೆ ಬರುವ ಮುಂಚೆ ಮನೆಯವರು ಏನು ಮಾಡಿಡಬೇಕು?

ಪ್ರಶ್ನೆ: ನನ್ನ ಮಗನ ಜೋಡಿ ಜರ್ಮನಿಯೊಳಗ ಕೆಲಸ ಮಾಡೋ ಇಬ್ಬರು ಡಿಸೆಂಬರ್‌ನ್ಯಾಗ ಹುಬ್ಬಳ್ಳಿಗೆ ಬಂದು ನಮ್ಮ ಮನಿಯಾಗ ನಾಕು ದಿನ ಇರಾವ್ರದಾರ. ಬೆಂಗಳೂರಿನಿಂದ ಅವರನ್ನ ಹೆಂಗ ಕರಸೂದು? ಸರಕಾರಕ್ಕ ತಿಳಸಬೇಕು ಅಂತಾರಲ್ಲ, ಅದು ಖರೇನ?

ಉತ್ತರ: ಖರೆ. ಅದನ್ನೇ ಮೊದಲು ಮುಗಿಸಿಕೊಳ್ಳಿ, ಕೊನೆ ಗಳಿಗೆಯಲ್ಲಿ ಆಗದ ಕೆಲಸ ಅದು. ವಿದೇಶಿ ಪಾಸ್‌ಪೋರ್ಟಿನವರು ತಂಗುವ ಜಾಗ ಹೋಟೆಲೇ ಇರಲಿ, ಮನೆಯೇ ಇರಲಿ, ಬಂದ 24 ಗಂಟೆಯೊಳಗೆ ಅವರ ವಿವರ ವಿದೇಶಿಯರ ನೋಂದಣಿ ಕಚೇರಿಗೆ, ಅಂದರೆ ಎಫ್‌ಆರ್‌ಆರ್‌ಒಗೆ, ಆನ್‌ಲೈನಿನಲ್ಲಿ ಹೋಗಬೇಕು. ರೂಢಿಯಲ್ಲಿ ಇದಕ್ಕೆ ‘ಸಿ ಫಾರ್ಮ್’ ಅನ್ನುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲಿ: ಫಾರ್ಮ್ ತುಂಬಬೇಕಾದರೆ ಮೊದಲು ಮನೆಯವರ ಹೆಸರಿನಲ್ಲಿ ಖಾತೆ ಬೇಕು, ಮತ್ತು ಆ ಖಾತೆ ಅರ್ಜಿ ಹಾಕಿದ ಕೂಡಲೇ ತೆರೆಯುವುದಿಲ್ಲ. ಕಚೇರಿಯವರು ಕಾಗದಪತ್ರ ನೋಡಿ ಒಪ್ಪಬೇಕು. ಅತಿಥಿಗಳು ಬ್ಯಾಗ್ ಇಳಿಸಿದ ಮೇಲೆ ಶುರು ಮಾಡಿದರೆ 24 ಗಂಟೆ ಅದರಲ್ಲೇ ಕಳೆದುಹೋಗುತ್ತದೆ. ಹದಿನೈದು ದಿನ ಮುಂಚೆಯೇ ಖಾತೆ ಮಾಡಿಡಿ. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ ಮತ್ತು ಒಂದು ಭಾವಚಿತ್ರವನ್ನು ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಇಮಿಗ್ರೇಷನ್‌ನಲ್ಲಿ ಮುದ್ರೆ ಬಿದ್ದ ಪುಟದ ಫೋಟೊವನ್ನು ಬೆಂಗಳೂರಿನಲ್ಲಿ ಇಳಿದ ತಕ್ಷಣ ಕಳಿಸಲು ಹೇಳಿ.

ಇ-ವೀಸಾ ಅರ್ಜಿಯನ್ನು ಅವರು ಭಾರತ ಸರಕಾರದ ಜಾಲತಾಣದಲ್ಲೇ ಹಾಕಲಿ. ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ದುಡ್ಡು ಕೀಳುತ್ತವೆ. ಹೊರಡುವುದಕ್ಕೆ ಕನಿಷ್ಠ 4 ದಿನ ಮುಂಚೆ ಅರ್ಜಿ ಹೋಗಿರಬೇಕು. ಒಪ್ಪಿಗೆ ಬಂದ ಪತ್ರದ ಪ್ರಿಂಟ್ ಕೈಯಲ್ಲಿರಲಿ.

ಇನ್ನು ಪ್ರಯಾಣ. ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ದೇಶದೊಳಗಿನ ವಿಮಾನಗಳಷ್ಟೇ ಬರುತ್ತವೆ. ಬೆಂಗಳೂರಿನಿಂದ ಹಾರಿ ಬರುವುದು ಸುಲಭವೆಂದು ಕಂಡರೂ ಎರಡು ತೊಡಕುಗಳಿವೆ. ಕಸ್ಟಮ್ಸ್ ಬೆಂಗಳೂರಿನಲ್ಲೇ ಆಗುವುದರಿಂದ ಬ್ಯಾಗನ್ನು ಅಲ್ಲಿ ಬಿಡಿಸಿಕೊಂಡು ಮತ್ತೆ ಕೊಡಬೇಕು. ಜೊತೆಗೆ, ಎರಡು ವಿಮಾನಗಳ ಟಿಕೆಟನ್ನು ಬೇರೆಬೇರೆ ತೆಗೆಸಿದ್ದರೆ ಎರಡನೆಯದಕ್ಕೆ ದೇಶೀಯ ಮಿತಿ ಅನ್ವಯಿಸುತ್ತದೆ. ಅದು ಸಾಮಾನ್ಯವಾಗಿ 15 ಕಿಲೊ. ಯುರೋಪಿನಿಂದ 23 ಕಿಲೊ ಬ್ಯಾಗ್ ತಂದವರು ಕೌಂಟರಿನಲ್ಲಿ ಮಿಕ್ಕ 8 ಕಿಲೊಗೆ ಹಣ ಕಟ್ಟಬೇಕಾಗುತ್ತದೆ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ತೆಗೆಸಿದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ನಮ್ಮ ಸಲಹೆ ಹಗಲು ರೈಲು. ಬೆಂಗಳೂರಿನಿಂದ ನಸುಕಿನಲ್ಲಿ ಧಾರವಾಡಕ್ಕೊಂದು, ಮಧ್ಯಾಹ್ನ ಬೆಳಗಾವಿಗೊಂದು ವಂದೇ ಭಾರತ್ ಇದೆ, ಎರಡೂ ಹುಬ್ಬಳ್ಳಿ ಮೇಲೇ ಬರುತ್ತವೆ. ವಾರಕ್ಕೊಂದು ದಿನ ಅವಕ್ಕೆ ರಜೆ, ದಿನ ನೋಡಿಕೊಳ್ಳಿ. ಯುರೋಪಿನ ಬಹಳಷ್ಟು ವಿಮಾನಗಳು ನಡುರಾತ್ರಿ ಇಳಿಯುತ್ತವೆ. ಅಂಥವರಿಗೆ ನಸುಕಿನ ರೈಲು ಬೇಡ. ವಿಮಾನ ತಡವಾದರೆ ರೈಲೂ ತಪ್ಪುತ್ತದೆ. ಸ್ವಲ್ಪ ಮಲಗಿ ಮಧ್ಯಾಹ್ನದ್ದು ಹಿಡಿಯಲಿ, ರಾತ್ರಿ ಊಟಕ್ಕೆ ನಿಮ್ಮಲ್ಲಿರುತ್ತಾರೆ. ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್ ಸುಮಾರು 35 ಕಿಲೊಮೀಟರ್. ಹಗಲಿನಲ್ಲಿ ಎರಡು ಗಂಟೆ ಕೈಯಲ್ಲಿರಲಿ.

ಟಿಕೆಟನ್ನು ನಿಮ್ಮ ಐಆರ್‌ಸಿಟಿಸಿ ಖಾತೆಯಿಂದಲೇ ತೆಗೆಯಿರಿ. ವಿದೇಶಿ ಕಾರ್ಡುಗಳಲ್ಲಿ ಪಾವತಿ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಸಾಮಾನ್ಯ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ರಾಷ್ಟ್ರೀಯತೆಯ ಜಾಗದಲ್ಲಿ ತಾನಾಗಿಯೇ ‘ಭಾರತ’ ಇರುತ್ತದೆ. ಅದನ್ನು ಬದಲಿಸಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿ, ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ.

ಕರೆತರಲು ಹೋಗುವವರಿಗೊಂದು ಮಾತು. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. ಸಾಮಾನು ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ನಡೆದರೆ ಇಪ್ಪತ್ತು ನಿಮಿಷವಾದರೂ ಬೇಕು. ರೈಲು ಯಾವ ಪ್ಲಾಟ್‌ಫಾರ್ಮಿಗೇ ಬರಲಿ, ಬೋಗಿ ಸಂಖ್ಯೆ ಕೇಳಿಕೊಂಡು ಅಲ್ಲೇ ಹೋಗಿ ನಿಲ್ಲಿ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡಲು ‘ಚಿಗರಿ’ ಬಸ್ಸಿಗಿಂತ ಒಳ್ಳೆಯದು ಇಲ್ಲ. ಎಸಿ ಇದೆ, ಹೆಚ್ಚಿನ ದಾರಿ ಅದರದೇ ಪ್ರತ್ಯೇಕ ಪಥ. ಹೊಸಬರು ತಬ್ಬಿಬ್ಬಾಗುವುದು ಹತ್ತುವಾಗ: ನಿಲ್ದಾಣ ರಸ್ತೆಯ ನಟ್ಟನಡುವೆ ಇರುತ್ತದೆ, ಬಾಗಿಲು ಬಸ್ಸಿನ ಬಲಗಡೆ ತೆರೆಯುತ್ತದೆ, ಟಿಕೆಟನ್ನು ನಿಲ್ದಾಣದ ಕೌಂಟರಿನಲ್ಲಿ ಮೊದಲೇ ತೆಗೆಯಬೇಕು. ಎಲ್ಲ ಬಸ್ಸುಗಳೂ ಎಲ್ಲ ಕಡೆ ನಿಲ್ಲುವುದಿಲ್ಲ, ಹತ್ತುವ ಮುಂಚೆ ಕೇಳಲಿ. ಟಿಕೆಟನ್ನು ಇಳಿದು ಹೊರಗೆ ಬರುವ ತನಕ ಬಿಸಾಕಬಾರದು. ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಮಾತ್ರ ಚಿಗರಿ ಪಥವಿಲ್ಲ. ಅಲ್ಲಿಗೆ ಆಟೊ ಇಲ್ಲವೇ ಟ್ಯಾಕ್ಸಿ.

ದುಡ್ಡಿನ ವಿಚಾರ. ನಮ್ಮಲ್ಲಿ ಮಿರ್ಚಿ-ಗಿರಮಿಟ್ ಗಾಡಿಯಲ್ಲೂ ಕ್ಯೂಆರ್ ಕೋಡ್ ಇದೆ, ಆದರೆ ವಿದೇಶಿ ಕಾರ್ಡು ಅಲ್ಲಿ ನಡೆಯದು. ಬೆಂಗಳೂರು ವಿಮಾನ ನಿಲ್ದಾಣದ ಎಟಿಎಂನಿಂದಲೇ ರೂಪಾಯಿ ತೆಗೆದುಕೊಂಡು ಬರಲಿ. ‘ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಲೇ?’ ಎಂದು ಯಂತ್ರ ಕೇಳಿದರೆ ಬೇಡ ಎಂದು ಒತ್ತಬೇಕು. ಒಪ್ಪಿದರೆ ಸಾಮಾನ್ಯವಾಗಿ ಕೆಟ್ಟ ದರ ಬೀಳುತ್ತದೆ. ಆಟೊಗೆಂದು 100, 200ರ ನೋಟುಗಳನ್ನು ನೀವೇ ಚಿಲ್ಲರೆ ಮಾಡಿಕೊಡಿ.

ನಾಲ್ಕು ದಿನದಲ್ಲಿ ಗದಗ, ಲಕ್ಕುಂಡಿ ಎಂದು ಹೋಗಿ ಅಲ್ಲೇ ಒಂದು ರಾತ್ರಿ ಉಳಿದರೆ ಆ ಲಾಡ್ಜಿನವರು ಮತ್ತೆ ಹೊಸದಾಗಿ ಸಿ ಫಾರ್ಮ್ ತುಂಬಬೇಕು. ಸಣ್ಣ ಲಾಡ್ಜುಗಳಲ್ಲಿ ಕೆಲವರ ಹತ್ತಿರ ಆ ಖಾತೆಯೇ ಇರುವುದಿಲ್ಲ, ರಾತ್ರಿ ಹೊತ್ತಿನಲ್ಲಿ ರೂಮಿಲ್ಲ ಎಂದು ತಿರುಗಿ ಕಳಿಸುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ ನೇರವಾಗಿ ಕೇಳಿಬಿಡಿ: ‘ಫಾರಿನ್ನವರು ಇಬ್ಬರದಾರಿ, ರೂಮ್ ಕೊಡ್ತೀರೇನ್ರಿ? ಸಿ ಫಾರ್ಮ್ ನೀವ ಮಾಡ್ತೀರೇನ್ರಿ?’ ಎರಡಕ್ಕೂ ಹೌದು ಅಂದರೆ ಮಾತ್ರ ಮುಂಗಡ ಕೊಡಿ. ಅಸಲಿ ಪಾಸ್‌ಪೋರ್ಟ್ ಅವರ ಜೊತೆಗೇ ಇರಲಿ.