ಕೌದಿಯನ್ನು ಒಗೆದು ಕೊಡಬೇಡಿ

ಮನೆಯ ಹಳೆಯ ಹಾಸಿಗೆ, ಹೊದಿಕೆಗಳನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವವರು ಬಹುಪಾಲು ಒಗೆದು, ಇಸ್ತ್ರಿ ಮಾಡಿಸಿ ತರುತ್ತಾರೆ. ಗೌರವದಿಂದ ಮಾಡುವ ಕೆಲಸವೇ. ಆದರೂ ಬಟ್ಟೆಯ ಸಂರಕ್ಷಣೆಯನ್ನೇ ಕಸುಬಾಗಿಸಿಕೊಂಡ ನನಗೆ ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕೌದಿ ಎಂದರೆ ಹಳೆಬಟ್ಟೆಯಲ್ಲಿ ಹೊಲಿದ ದಪ್ಪ ಹೊದಿಕೆ. ಅದಕ್ಕೆ ಉತ್ತರ ಕರ್ನಾಟಕದ ಹೆಂಗಸರು ಹತ್ತಿ ತುಂಬುವುದಿಲ್ಲ. ಉಟ್ಟು ಹಳತಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆ ಜೋಡಿಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕುತ್ತಾರೆ. ಹೊಲಿಗೆ ಬಿಟ್ಟ ಕಡೆ ಇಣುಕಿದರೆ ಒಳಗೆ ಇನ್ನೊಂದು ಹಳೆಯ ಕೌದಿಯೇ ಸಿಗುವುದೂ ಉಂಟು. ಇಷ್ಟೂ ಪದರ ನೀರು ಕುಡಿದರೆ ಎತ್ತಲಾರದಷ್ಟು ಭಾರ. ಹಗ್ಗದ ಮೇಲೆ ಎಳೆದು ಹಾಕಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ.

ಇಳಕಲ್ ಸೀರೆಯ ತುಂಡಿದ್ದರೆ ಕಷ್ಟ ಇನ್ನೂ ಹೆಚ್ಚು. ಒಡಲಿನ ಹತ್ತಿ ನೂಲು ನೆನೆದಾಗ ಗಟ್ಟಿಯಾಗುತ್ತದೆ. ಸೆರಗಿನ ಕೃತಕ ರೇಷ್ಮೆ ನೆನೆದಾಗ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಒಡಲಿನ ಹಾಸುನೂಲಿಗೆ (ಉದ್ದಕ್ಕೆ ಹಾಯುವ ನೂಲಿಗೆ) ಸೆರಗಿನ ಹಾಸುನೂಲನ್ನು ಸಿಕ್ಕಿಸಿದ ಕೊಂಡಿಯ ಗೆರೆ ಒಂದು ತುಂಡಿನಲ್ಲಿ ಉಳಿದಿದ್ದರೆ ನನಗೆ ಅಂದು ಹಬ್ಬ. ಆ ಚಿಂದಿ ಇಳಕಲ್ ಸೀರೆಯದೇ ಎನ್ನಲು ಅದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಒಗೆತದಲ್ಲಿ ಮೊದಲು ಸೀಳುವುದು ಆ ಗೆರೆಯ ಸೆರಗಿನ ಮಗ್ಗುಲು.

ಅಂಚು ಸವೆದಿದೆ ಎಂದು ಹೊಸ ಪಟ್ಟಿ ಕಟ್ಟಿಸುವವರೂ ಇದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಬಟ್ಟೆಯ ‘ಫೂಲ್’ ಇಡುತ್ತಾರೆ. ಅಂಚು ಕತ್ತರಿಸಿದರೆ ಹೊಲಿಗೆಯ ಆರಂಭವೂ ಫೂಲೂ ಒಟ್ಟಿಗೆ ಹೋಗುತ್ತವೆ.

ಕಲೆಗಳೂ ಇರಲಿ. ಒಂದು ತುದಿಯಲ್ಲಿ ಮಾತ್ರ ಎಣ್ಣೆಯ ಜಿಡ್ಡಿದ್ದರೆ ತಲೆಯಿಟ್ಟ ಕಡೆ ಅದು ಎಂದು ಊಹಿಸಬಹುದು. ಆ ಜಿಡ್ಡು ಕಾಲಕ್ರಮದಲ್ಲಿ ಬಟ್ಟೆಯನ್ನು ಹಳದಿಯಾಗಿಸುತ್ತದೆ, ಹುಳುಗಳನ್ನೂ ಕರೆಯುತ್ತದೆ. ಆದರೂ ತೆಗೆಯುವುದೋ ಬಿಡುವುದೋ ಎಂಬುದು ಪರೀಕ್ಷಿಸಿದ ಮೇಲಿನ ತೀರ್ಮಾನವಾಗಬೇಕು. ನನ್ನ ಒಲವು ಬಿಡುವುದರ ಕಡೆಗೇ.

ನಾವು ಮಾಡುವುದು ಇಷ್ಟು: ಸಣ್ಣ ಕಣ್ಣಿನ ಜಾಲರಿ ಹರವಿ, ಅದರ ಮೇಲಿಂದ ಮೆಲ್ಲಗೆ ದೂಳು ಹೀರಿಸುತ್ತೇವೆ. ಹುಳುವಿನ ಅನುಮಾನವಿದ್ದರೆ ಪಾಲಿಥಿನ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 20 ಡಿಗ್ರಿಗಿಂತ ಕೆಳಗಿನ ಶೈತ್ಯದಲ್ಲಿ ಒಂದೆರಡು ವಾರ ಇಡುತ್ತೇವೆ. ಆಮೇಲೆ ಚಪ್ಪಟೆಯಾಗಿ ಹರವಿಡುವುದೇ ಉತ್ತಮ. ಜಾಗವಿಲ್ಲದಿದ್ದರೆ ಮಡಿಕೆಯೊಳಗೆ ಆಮ್ಲರಹಿತ ಕಾಗದದ ಸುರುಳಿ ಇಟ್ಟು, ಆಗಾಗ ಮಡಿಕೆಯ ಗೆರೆ ಬದಲಿಸುತ್ತೇವೆ. ಪ್ರದರ್ಶನದಲ್ಲಿ ಬಟ್ಟೆಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು, ಅದೂ ಸ್ವಲ್ಪ ಕಾಲ. 1841ರಲ್ಲಿ ಇಂಗ್ಲೆಂಡಿನಿಂದ ಹೋಬಾರ್ಟ್‌ಗೆ ಹೊರಟ ರಾಜಾ ಎಂಬ ಹಡಗಿನಲ್ಲಿ ಮಹಿಳಾ ಕೈದಿಗಳು ಹೊಲಿದ ಕ್ವಿಲ್ಟ್ (ಕೌದಿಯಂಥ ಹೊದಿಕೆ) ಈಗ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಂಥ ಹೆಸರಾಂತ ವಸ್ತುವನ್ನೂ ಅಲ್ಲಿ ಅಪರೂಪಕ್ಕೆ ಮಾತ್ರ ಹೊರತೆಗೆಯುತ್ತಾರೆ.

ಕೊಡುವ ಮನಸ್ಸಿದ್ದರೆ ಕೌದಿಯನ್ನು ಇದ್ದ ಹಾಗೆಯೇ ಹಳೆಯ ಶುಭ್ರ ಪಂಚೆಯಲ್ಲಿ ಸುತ್ತಿ ತನ್ನಿ, ನುಸಿಗುಳಿಗೆ ಬೇಡ. ಯಾರು ಹೊಲಿದರು, ಯಾರ ಸೀರೆ, ಯಾವ ಮಗುವಿಗೆ ಎಂಬುದನ್ನು ಅಜ್ಜಿಯಂದಿರನ್ನು ಕೇಳಿ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ. ಆ ಚೀಟಿಯನ್ನು ಬಟ್ಟೆಗೆ ಪಿನ್ ಮಾಡಬೇಡಿ, ತುಕ್ಕು ಹಿಡಿಯುತ್ತದೆ.