ಹತ್ತು ಕೆಜಿ ಅಡಿಕೆ ಮತ್ತು ಒಂದು ಎಫ್‌ಐಆರ್

ತೀರ್ಥಹಳ್ಳಿ, ಹೊಸನಗರದ ಕಡೆ ಸುಗ್ಗಿ ಬಂತೆಂದರೆ ರಾತ್ರಿ ಅಂಗಳ ಕಾಯಲು ಯಾರಾದರೂ ಬೇಕೇ ಬೇಕು. ಕಣ್ಣು ಮುಚ್ಚಿದರೆ ಹರವಿದ ಅಡಿಕೆಯಲ್ಲಿ ಒಂದು ಮೂಲೆ ಖಾಲಿ. ಠಾಣೆಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟಿತ್ತು?" ಮೊದಲೆಲ್ಲ ಇದು ಸುಮ್ನೆ ಕೇಳುವ ಮಾತು. 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದ ಮೇಲೆ ಕೇಸಿನ ಹಣೆಬರಹವೇ ಇದರ ಮೇಲಿದೆ.

ಮೆಕಾಲೆ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ, 1862ರಲ್ಲಿ ಜಾರಿಗೆ ಬಂದಿದ್ದು ಹಳೇ ದಂಡ ಸಂಹಿತೆ, ಐಪಿಸಿ. ಅದರಲ್ಲೊಂದು ತಮಾಷೆ ಇದೆ. ನೆಲಕ್ಕೆ ಅಂಟಿಕೊಂಡಿದ್ದು ಕಳವಿನ ಮಾಲಲ್ಲ, ಕಡಿದ ಮೇಲಷ್ಟೇ ಮಾಲು. ಅಂದರೆ ಮರದಲ್ಲಿರುವ ಅಡಿಕೆ ಗೊನೆಗೆ ಕತ್ತಿ ತಾಗಿದ ಮೇಲೇ ಕಳ್ಳತನ! ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು ಹಾಗೇ ಉಳಿದಿದೆ.

ಹಳೇ ಕಾನೂನಿನಲ್ಲಿ ಕದ್ದಿದ್ದು ಕೆಜಿಯಾದರೂ ಕ್ವಿಂಟಲಾದರೂ ಅದು ಸಂಜ್ಞೇಯ ಅಪರಾಧ. ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ತನಿಖೆ ಮಾಡಬಹುದಿತ್ತು. ಮಾಡ್ತಿದ್ರಾ? ಅದು ಬೇರೆ ಮಾತು. ಎಫ್‌ಐಆರ್ ಜಾಸ್ತಿಯಾದರೆ ಠಾಣೆಯ ಲೆಕ್ಕ ಕೆಡುತ್ತದೆ. "ಹುಡುಕೋಣ, ಅರ್ಜಿ ಕೊಟ್ಟು ಹೋಗಿ" ಎಂದು ಕಳಿಸಿದರೆ ಸುಲಭ ಅಲ್ವಾ?

ಈ ರೋಗಕ್ಕೆ ಮದ್ದು ಬರೆದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ತನಿಖೆಯ ಮಟ್ಟಿಗೆ ಸಂಜ್ಞೇಯ, ಅಸಂಜ್ಞೇಯ ಎಂಬ ಭೇದವೇ ಬೇಡ ಎಂದಿತು. ಆದರೆ ಅದೇ ವರದಿ ಶಿಕ್ಷೆಗೆ ಬೇಕಾದ ಪುರಾವೆಯ ಮಟ್ಟವನ್ನು ಇಳಿಸಬೇಕು, ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪಬೇಕು ಎಂದೂ ಹೇಳಿತ್ತು. ಮಾನವ ಹಕ್ಕುಗಳ ಪರ ಇರುವವರು ತಿರುಗಿಬಿದ್ದರು. ಆ ವಿರೋಧ ಸರಿಯೇ ಇತ್ತು ಅನ್ನುವವನು ನಾನು. ಆ ಗಲಾಟೆಯಲ್ಲಿ ಒಳ್ಳೆಯ ಸಲಹೆಯೂ ಮೂಲೆ ಸೇರಿತು.

2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಜ್ಞೇಯ ಅಪರಾಧ ಎಂದು ಕಂಡರೆ ಎಫ್‌ಐಆರ್ ಕಡ್ಡಾಯ ಎಂದಿತು. ಮೊದಲು ವಿಚಾರಿಸಿ ನೋಡಲು ಕೆಲವೇ ಬಗೆಯ ಪ್ರಕರಣಗಳಲ್ಲಿ ಅವಕಾಶ.

2023ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾನೂನುಗಳು ಆ ಬಾಗಿಲನ್ನು ಅಗಲ ಮಾಡಿದವು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು ಎಫ್‌ಐಆರ್‌ಗೆ ಮೊದಲು 14 ದಿನ ವಿಚಾರಿಸಬಹುದು. ಅಂಗಳದ ಕಳವು ಬರುವುದು ಇಲ್ಲಿಗೇ. ಅದೇ ಅಡಿಕೆ ಮನೆಯೊಳಗಿನ ಅಟ್ಟದಿಂದ ಹೋದರೆ ಏಳು ವರ್ಷದವರೆಗೆ ಶಿಕ್ಷೆ. ಆಗ ವಿಧಿವಿಜ್ಞಾನ ತಜ್ಞರು ಬಂದು ನೋಡಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ.

ಇನ್ನು ಐದು ಸಾವಿರ ರೂಪಾಯಿಯ ಗೆರೆ. ಮಾಲು ಅದಕ್ಕಿಂತ ಕಡಿಮೆ ಬೆಲೆಯದಾಗಿ, ಮೊದಲ ಸಲ ಅಪರಾಧಿ ಎಂದು ತೀರ್ಮಾನವಾದವನು ಅದನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಜೈಲಿಲ್ಲ, ಸಮುದಾಯ ಸೇವೆ. ಹಸಿವಿಗೆ ಕದ್ದ ಹುಡುಗನನ್ನು ಜೈಲಿಗೆ ತಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇಂಥ ಕಳವನ್ನು ಅಸಂಜ್ಞೇಯದ ಪಟ್ಟಿಗೂ ಸೇರಿಸಿದರು. ಅಂದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ತನಿಖೆ ಇಲ್ಲ. ಕಳ್ಳ ಯಾರು, ಮೊದಲ ಸಲವೋ ಹತ್ತನೇ ಸಲವೋ ಅಂತ ತನಿಖೆಯೇ ಇಲ್ಲದೆ ಗೊತ್ತಾಗುವುದು ಹೇಗೆ?

ಕ್ವಿಂಟಲಿಗೆ ಐವತ್ತು ಸಾವಿರ ಹಿಡಿದರೆ ಐದು ಸಾವಿರಕ್ಕೆ ಹತ್ತು ಕೆಜಿ ಅಡಿಕೆ. ಒಂದು ಕೈಚೀಲ. ಅದೂ ಪೂರ್ತಿ ಒಣಗಿದ್ದಾದರೆ. ಅರೆ ಒಣಗಿದ್ದಾದರೆ ತೂಕ ಜಾಸ್ತಿ, ಬೆಲೆ ಕಡಿಮೆ. ಠಾಣೆಯಲ್ಲಿ ಯಾವುದನ್ನು ಬರೆದುಕೊಳ್ಳುತ್ತಾರೆ? ಅಂಗಳಕ್ಕೆ ಹರವುವಾಗ ತಕ್ಕಡಿ ಇಟ್ಟುಕೊಂಡು ಕೂರುವ ಬೆಳೆಗಾರನನ್ನು ನಾನಂತೂ ಕಂಡಿಲ್ಲ.