‘ಪರಂತು’ ಎಲ್ಲಿದೆ ನೋಡಿ

ಕಾಯ್ದೆ, ಕರಾರುಗಳ ಅನುವಾದ ನನ್ನ ಹೊಟ್ಟೆಪಾಡು. ಯಾವ ಕಾಗದ ಕೈಗೆ ಬಂದರೂ ಮೊದಲು ಹುಡುಕುವುದು ‘ಪರಂತು’ (ಅಂದರೆ ‘ಆದರೆ’), ‘ಹೊರತು’ ಎಲ್ಲಿವೆ ಅಂತ. ಕೊಡುವುದೆಲ್ಲ ಅದಕ್ಕೆ ಮುಂಚೆ ಇರುತ್ತದೆ, ಕಿತ್ತುಕೊಳ್ಳುವುದು ಆಮೇಲೆ.

ಅಮೆರಿಕದ ಹವಾಯಿ ರಾಜ್ಯದ ಸಂವಿಧಾನದ 15ನೇ ವಿಧಿ ನೋಡಿ. ಇಂಗ್ಲಿಷ್ ಮತ್ತು ಹವಾಯಿ ಎರಡೂ ಅಧಿಕೃತ ಭಾಷೆಗಳು ಎಂದು 1978ರಲ್ಲಿ ಬರೆದರು. ಅದೇ ಉಸಿರಿನಲ್ಲಿ, ಸರ್ಕಾರಿ ವ್ಯವಹಾರಕ್ಕೆ ಹವಾಯಿ ಕಡ್ಡಾಯವಾಗುವುದು ಕಾನೂನು ಹೇಳಿದ ಕಡೆ ಮಾತ್ರ ಎಂದೂ ಬರೆದರು. ಬೋರ್ಡಿಗೆ ಭಾಷೆ ಬಂತು, ಕೌಂಟರಿಗೆ ಬರಲಿಲ್ಲ.

ತಮಾಷೆ ಏನು ಗೊತ್ತಾ? ಶಾಲೆಗಳಲ್ಲಿ ಇಂಗ್ಲಿಷ್‌ನಲ್ಲೇ ಪಾಠ ಮಾಡಬೇಕೆಂದ 1896ರ ಕಾನೂನಿನ ತಡೆ ಆಗಲೂ ಹಾಗೇ ಇತ್ತು. 1834ರಿಂದಲೇ ಪತ್ರಿಕೆಗಳನ್ನು ಕಂಡ ಭಾಷೆ ಹವಾಯಿ. 1980ರ ದಶಕದ ಆರಂಭದ ಹೊತ್ತಿಗೆ, ನೀಹಾವು ದ್ವೀಪ ಬಿಟ್ಟರೆ, ಅದನ್ನಾಡುವ ಮಕ್ಕಳು 50 ಕೂಡ ಇರಲಿಲ್ಲ.

1984ರಲ್ಲಿ ಕವಾಯಿ ದ್ವೀಪದ ಕೆಕಹಾದಲ್ಲಿ ಶಿಶುವಿಹಾರವೊಂದು ಶುರುವಾಯಿತು. ಹೆಸರು ‘ಪೂನನ ಲೇಓ’, ಅಂದರೆ ಮಾತಿನ ಗೂಡು. ನ್ಯೂಜಿಲೆಂಡಿನ ಮಾವೊರಿಗಳ ‘ಕೋಹಂಗ ರೇಓ’ ನೋಡಿ ಕಲಿತದ್ದು. ಒಳಗೆ ಕಾಲಿಟ್ಟರೆ ಹವಾಯಿ ಮಾತು ಮಾತ್ರ. ಅಧಿಕೃತ ಭಾಷೆಯಲ್ಲೇ ಪಾಠ, ಆದರೂ ಕಾನೂನಿಗೆ ವಿರುದ್ಧ! ಹೆತ್ತವರು ಶಾಸಕರ ಬೆನ್ನು ಬಿಡದೆ ಓಡಾಡಿದ ಮೇಲೆ, 1986ರಲ್ಲಿ ಆ ತಡೆ ಹೋಯಿತು. ಮರುವರ್ಷ ಸರ್ಕಾರಿ ಶಾಲೆಗಳಲ್ಲೂ ಹವಾಯಿ ಮಾಧ್ಯಮದ ತರಗತಿ ಬಂತು. ಪುಸ್ತಕಗಳಿರಲಿಲ್ಲ. ಇಂಗ್ಲಿಷ್ ಕಥೆ ಪುಸ್ತಕದ ಸಾಲುಗಳ ಮೇಲೆ ಹವಾಯಿ ಅನುವಾದದ ಚೀಟಿ ಕತ್ತರಿಸಿ ಅಂಟಿಸುತ್ತಿದ್ದರು. ಅನುವಾದಕ್ಕೆ ಅಂಟು, ಕತ್ತರಿಯೂ ಬೇಕಾದ ಕಾಲ ಅದು. ನನಗಂತೂ ಸುಮ್ನೆ ಹೊಟ್ಟೆಕಿಚ್ಚು.

2018ರ ಜನವರಿಯಲ್ಲಿ ಮಾವಿ ದ್ವೀಪದ ಕೋರ್ಟಿನಲ್ಲಿ ಒಬ್ಬ ಅಧ್ಯಾಪಕರನ್ನು ‘ನೀವು ಯಾರು’ ಎಂದು ನ್ಯಾಯಾಧೀಶರು ಕೇಳಿದರು. ಅವರು ಹವಾಯಿ ಭಾಷೆಯಲ್ಲಿ ಉತ್ತರ ಕೊಟ್ಟರು. ಎದುರಿಗೇ ನಿಂತವರನ್ನು ಹಾಜರಿಲ್ಲ ಎಂದು ಪರಿಗಣಿಸಿ ವಾರಂಟ್ ಹೊರಡಿಸಲಾಯಿತು! ಮರುದಿನ ಅದನ್ನು ವಾಪಸ್ ಪಡೆದರು. ದುಭಾಷಿಗಳನ್ನು ಒದಗಿಸುತ್ತೇವೆ ಎಂದು ನ್ಯಾಯಾಂಗ ಹೇಳಿತು. ಈ ‘ಹೊರತು’ ಕಚ್ಚುವುದು ಹೀಗೆ.

2019ರ ತೀರ್ಪು ನನಗೆ ಜಾಸ್ತಿ ಇಷ್ಟ. ಲಾನಾಯಿ ದ್ವೀಪದ ತಾಯಿಯೊಬ್ಬರು, ನನ್ನ ಹೆಣ್ಣುಮಕ್ಕಳಿಗೆ ಹವಾಯಿ ಮಾಧ್ಯಮದ ಶಾಲೆ ಸಿಗುತ್ತಿಲ್ಲ ಎಂದು ಕೇಸು ಹಾಕಿದ್ದರು. ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಅದನ್ನು ಒದಗಿಸಲು ರಾಜ್ಯ ತಕ್ಕ ಪ್ರಯತ್ನ ಮಾಡಲೇಬೇಕು ಎಂದಿತು. ಆದರೆ ಕೈಹಿಡಿದದ್ದು ಅಧಿಕೃತ ಭಾಷೆಯ 15ನೇ ವಿಧಿಯಲ್ಲ. ಹವಾಯಿ ಭಾಷೆ, ಸಂಸ್ಕೃತಿ, ಇತಿಹಾಸದ ಕಲಿಕೆಗೆ ರಾಜ್ಯ ವ್ಯವಸ್ಥೆ ಮಾಡಬೇಕೆನ್ನುವ 10ನೇ ವಿಧಿ. ಅದೂ 1978ರದ್ದೇ. ಹುಡುಕಿ ನೋಡಿದೆ, ಅದರಲ್ಲಿ ‘ಹೊರತು’ ಇಲ್ಲ.